ಅಳತೆಯ ಮಾಲು

ಭತ್ತವನ್ನು ತೂಗಿ ಕೊಳ್ಳುತ್ತೇವೆ,
ಮಂಡಕ್ಕಿಯನ್ನು ಸೇರಿನಲ್ಲಿ ಅಳೆದು ಮಾರುತ್ತೇವೆ.
ನಡುವೆ ಎಲ್ಲೋ, ಮರಳು ಕಾದ ಬಾಣಲೆಯಲ್ಲಿ,
ಭಾರ ಹಾರಿಹೋಗಿರುತ್ತದೆ.
ನಮ್ಮ ಭಟ್ಟಿಯ ಲೆಕ್ಕ ಬರೆಯುವವಳು ನಾನೇ;
ಅದಕ್ಕೊಂದು ಕಾಲಂ ಇಲ್ಲ.

ನನ್ನದು ನೂರಾ ಹದಿನೆಂಟು ಕೆಜಿ.
ಮೊದಲೇ ಹೇಳಿಬಿಡುತ್ತೇನೆ,
ಆಟೋದವನು ಟೈರು ನೋಡಿಕೊಳ್ಳುವ ಮುಂಚೆ,
ಮದುವೆಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಎರಡನ್ನು ಒಂದರೊಳಗೊಂದು ಕೂರಿಸಿ
"ದಿಲ್ಷಾದ್ ಆಪಾ, ಇಲ್ಲಿ ಬನ್ನಿ" ಎಂದು
ಯಾರೋ ಪ್ರೀತಿಯಿಂದಲೇ ಕರೆಯುವ ಮುಂಚೆ.

ಈಜುಕೊಳದ ಗೇಟಿಗೆ ಕಟ್ಟಿದ್ದ ಫ್ಲೆಕ್ಸಿನಲ್ಲಿ
"ಸ್ಕೂಬಾ ಕಲಿಯಿರಿ" ಎಂದಿತ್ತು. ದಾವಣಗೆರೆಯಲ್ಲಿ!
ಸಮುದ್ರ ನೋಡಲು ಒಂದು ರಾತ್ರಿ ಬಸ್ಸಿನಲ್ಲಿ ಕೂರಬೇಕಾದ ಊರಲ್ಲಿ.
ನಗು ಬಂತು. ಆಮೇಲೆ ನಂಬರ್ ಬರೆದುಕೊಂಡೆ,
ಭತ್ತದ ರಸೀದಿಯ ಹಿಂದೆ.

ಹಾಲೇಶ್ ಸರ್ ಹರಿಹರದವರು,
ನೌಕಾಪಡೆಯಲ್ಲಿ ನೀರೊಳಗೇ ಹಡಗಿನ ತಳಕ್ಕೆ ವೆಲ್ಡಿಂಗ್ ಮಾಡಿ ಬಂದವರು.
ನನ್ನನ್ನು ನೋಡಿದರು, ಗೂಟಕ್ಕೆ ನೇತುಹಾಕಿದ ಸೂಟುಗಳನ್ನು ನೋಡಿದರು.
ಅತಿ ದೊಡ್ಡದರ ಜಿಪ್ಪು ನನ್ನ ಬೆನ್ನ ಮೇಲೆ
ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡಂತೆ ನಿಂತಿತು.
ಭಾಷಾ ನಗರದ ಮಸ್ತಾನ್ ಟೈಲರ್
ಹಳೆಯ ಲ್ಯಾಪ್‌ಟಾಪ್ ಚೀಲ ಎರಡನ್ನು ಕತ್ತರಿಸಿ
ಎರಡೂ ಪಕ್ಕೆಗೆ ಪಟ್ಟಿ ಕೊಟ್ಟ.
ಎಡಪಕ್ಕೆಯಲ್ಲಿ ಈಗಲೂ ಕಂಪನಿಯ ಅರ್ಧ ಹೆಸರಿದೆ.

ಇಳಿದೆ. ಮುಳುಗಲಿಲ್ಲ.
ಬೆಲ್ಟಿಗೆ ಆರು ಕೆಜಿ ಸೀಸ. ಮುಳುಗಲಿಲ್ಲ.
ಎಂಟು. ಬೆನ್ನು ನೀರಿನ ಮೇಲೇ, ಬೋರಲು ಬಿದ್ದ ಬುಟ್ಟಿಯಂತೆ.
ಹಾಲೇಶ್ ಸರ್ ತಲೆ ಕೆರೆದುಕೊಂಡರು:
"ಏನ್ ಮಾಡಾದ್ರೀ ಮೇಡಂ, ನೀವು ಭಾಳ ಹಗುರ ಇದೀರಿ."

ಈ ಮಾತನ್ನು
ನಲವತ್ತೊಂದು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ.
ಇನ್ನೊಮ್ಮೆ ಹೇಳಿ ಎನ್ನೋಣವೆಂದರೆ
ಬಾಯಲ್ಲಿ ರಬ್ಬರಿತ್ತು.

ಅವರ ಬಳಿ ಇದ್ದ ಸೀಸ ಅಷ್ಟೇ.
ಮರುದಿನ ಭಟ್ಟಿಯಿಂದ ತೂಕದ ಬಟ್ಟು ತಂದೆ,
ಎರಡೆರಡು ಕೆಜಿಯವು ಎರಡು, ಸರ್ಕಾರಿ ಮುದ್ರೆಯವು,
ದುಪಟ್ಟಾದಲ್ಲಿ ಸುತ್ತಿ.
ಭತ್ತ ತೂಗುವ ಕಬ್ಬಿಣ ಸೊಂಟಕ್ಕೆ ಕಟ್ಟಿಕೊಂಡು ಇಳಿದೆ.

ಕಿವಿಯಲ್ಲಿ ಯಾರೋ ಬೆರಳಿಟ್ಟರು.
ಮೂಗು ಹಿಡಿದು ಊದಿದೆ; ಟಿಕ್ ಎಂದು ಬಿಟ್ಟಿತು.
ಉಸಿರೆಳೆದರೆ ಒಂದು ಗೇಣು ಏಳುತ್ತೇನೆ,
ಬಿಟ್ಟರೆ ಒಂದು ಗೇಣು ಇಳಿಯುತ್ತೇನೆ.
ಒಲೆಗೆ ಗಾಳಿ ಹಾಕುವ ಫ್ಯಾನಿನ ಸದ್ದೇ, ಆದರೆ ನನ್ನದು.
ಕೆಳಗೆ ಯಾರದೋ ಹೇರ್‌ಪಿನ್ನು, ಒಂದು ರೂಪಾಯಿ,
ಟೈಲ್ಸ್ ಕಿತ್ತುಹೋದ ಕಡೆ ಬರೀ ಸಿಮೆಂಟು.

ಆರು ವರ್ಷದಿಂದ ಕುರ್ಚಿಯ ಮೇಲೆ ನಮಾಜು ನನ್ನದು.
ಹನ್ನೆರಡಡಿಯ ಆ ತಳದಲ್ಲಿ
ಮಂಡಿ ಎರಡೂ, ಹೇಳದೆ ಕೇಳದೆ,
ಮಡಿಚಿಕೊಂಡವು.
ಕೂತೆ. ಎಷ್ಟು ಹೊತ್ತೋ.
ಹಾಲೇಶ್ ಸರ್ ಹೆಬ್ಬೆರಳು ಮೇಲೆತ್ತಿ ತೋರಿಸಿದರು.
ನೀರೊಳಗೆ ಅದರರ್ಥ ಭೇಷ್ ಅಲ್ಲ, ಮೇಲೆ ಹೋಗೋಣ ಅಂತ.
ಮರೆತೇಹೋಗಿತ್ತು, ನಾನೂ ತೋರಿಸಿದೆ,
ಅಲ್ಲೇ ಕೂತಿದ್ದೆ.

ಏಣಿಯ ಮೂರನೆಯ ಮೆಟ್ಟಿಲಲ್ಲಿ
ಎಲ್ಲವೂ ವಾಪಸ್ ಬಂತು, ಒಂದು ಗ್ರಾಮೂ ಬಿಡದೆ.
ಏಣಿ ಕಿರ್ರೆಂದಿತು.
ಹಾಲೇಶ್ ಸರ್ ಸಿಲಿಂಡರಿನ ಮೀಟರ್ ನೋಡುತ್ತಾ ನಿಂತರು.

ಸಂಜೆ ತಮ್ಮ ಗಫಾರ್
ಬಟ್ಟು ಎತ್ತಿ ಬೆರಳು ಮೂಸಿದ:
"ಇದೇನ್ ಆಪಾ, ಒದ್ದೆ? ತುಕ್ಕು ಹಿಡಿದ್ರೆ ತೂಕ ತಪ್ಪುತ್ತೆ."
ತಪ್ಪಲಿ ಅಂದುಕೊಂಡೆ.
ಬಾಯಲ್ಲಿ, "ಕೊಡು, ಒರೆಸಿಡ್ತೀನಿ" ಎಂದೆ.
ಹೊರಗೆ ಗಿರಾಕಿ ಎರಡು ಸೇರು ಕೇಳುತ್ತಿದ್ದ.
ತುಂಬಿದೆ, ಸೇರಿನ ಬಾಯ ಮೇಲೆ ಗೋಪುರ ಏಳುವಷ್ಟು;
ಎಂದಿನಂತೆ ಅಂಗೈಯಿಂದ
ತಲೆ ಸವರಲಿಲ್ಲ.