ಸೋರಿಕೆಗೆ ಕಿವಿ

ರಾತ್ರಿ ಎರಡರ ಮೇಲೆ ನಮ್ಮ ಹಗಲು.
ಕೊನೆಯ ರೈಲು ಹೋಗಿ, ಸ್ನಾನದ ತೊಟ್ಟಿಗಳು ಬರಿದಾಗಿ,
ಫುಕುವೋಕಾ ಮಗ್ಗುಲು ಬದಲಿಸಿ ಮಲಗಿದ ಮೇಲೆ
ಒರಿಯೆ ಕೋಲು ತೆಗೆಯುತ್ತಾರೆ:
ಎದೆಯೆತ್ತರದ ಉಕ್ಕಿನ ಕಡ್ಡಿ,
ತುದಿಗೊಂದು ತಟ್ಟೆಯಾಕಾರದ ತಗಡು,
ಅದಕ್ಕೆ ಕಿವಿ.

ಹತ್ತು ಹೆಜ್ಜೆ, ನಿಲ್ಲು.
ಹತ್ತು ಹೆಜ್ಜೆ, ನಿಲ್ಲು.
ಮೀಟರಿನ ಮೇಲೆ, ಕವಾಟದ ಮೇಲೆ, ಗೇಟಿನ ಬುಡದಲ್ಲಿ.
ವೈದ್ಯರ ಹಾಗೆ ಅಂದೆ ಒಮ್ಮೆ. ನಕ್ಕರು:
"ವೈದ್ಯರ ಬಳಿಗೆ ರೋಗಿ ತಾನೇ ಬರುತ್ತಾನೆ, ಕಾನಾಮೆ."

ಮೊದಲ ತಿಂಗಳು ನಾನು ಹಿಡಿದ ಸೋರಿಕೆಗಳು:
ತಂಪು ಪಾನೀಯ ಮಾರುವ ಯಂತ್ರ ಒಂದು,
ಕರೆಂಟು ಕಂಬದ ಗುಂಯ್‌ಕಾರ,
ಯಾರದೋ ಮೀನಿನ ತೊಟ್ಟಿಯ ಪಂಪು,
ಮತ್ತೊಮ್ಮೆ, ನನ್ನದೇ ರಕ್ತ.

"ಚರಂಡಿ ಗೊಣಗುತ್ತದೆ, ನಡುವೆ ಮರೆತುಬಿಡುತ್ತದೆ.
ನಲ್ಲಿ ಓಡುತ್ತದೆ, ತಿರುಗಿಸಿದರೆ ನಿಲ್ಲುತ್ತದೆ.
ಸೋರುವುದೊಂದೇ
ಉಸಿರು ಎಳೆದುಕೊಳ್ಳಲು ನಿಲ್ಲುವುದಿಲ್ಲ.
ಅದನ್ನು ಹುಡುಕು."

ಅವರು ಹುಡುಗಿಯಾಗಿದ್ದಾಗ ಊರಿಗೆ ಮಳೆ ಕೈಕೊಟ್ಟಿತ್ತಂತೆ.
ಅಕ್ಕಿ ತೊಳೆದ ನೀರಲ್ಲಿ ಪಾತ್ರೆ,
ಪಾತ್ರೆ ತೊಳೆದ ನೀರಲ್ಲಿ ನೆಲ,
ನೆಲ ಒರೆಸಿದ್ದು ಬದನೆ ಗಿಡಕ್ಕೆ.
ಅಜ್ಜಿ ಬಕೆಟ್ಟು ಹಿಡಿದು ಸಾಲಿನಲ್ಲಿ ನಿಂತ ಬೀದಿಯ ಕೆಳಗೇ
ಒಡೆದ ಕೊಳವೆಯೊಂದು ಹಗಲೂ ರಾತ್ರಿ
ಮಣ್ಣಿಗೆ ಕುಡಿಸುತ್ತಿತ್ತು.
ಇದನ್ನು ಹೇಳುವಾಗ ಮಾತ್ರ ಅವರಿಗೆ ಸಿಟ್ಟು ಬರುತ್ತದೆ.

ಈಗ ಎಡಗಿವಿ ಅವರಿಗೆ ಸುಳ್ಳು ಹೇಳುತ್ತದೆ.
ಅಕ್ಟೋಬರಿನಲ್ಲಿ, ಗುಡ್ಡದ ಓಣಿಯಲ್ಲಿ,
ಕೋಲನ್ನು ನನ್ನ ಕೈಗಿಟ್ಟು ದೂರ ನಿಂತರು.
ಕೇಳಿದೆ. ಒಲೆಯ ಮೇಲೆ ಮರೆತ ಎಸರಿನ ಹಾಗೆ,
ಸುಂಯ್, ಒಂದೇ ಸ್ವರ.
ಹಿಂದೆ, ಕಲ್ಲುಗೋಡೆಯ ಸಂದಿನಲ್ಲಿ,
ಅಂಗೈ ದಪ್ಪದ ಹಾವಸೆ, ಹಸಿ ಹಸಿರು.
ಅದರ ತುಟಿಯಿಂದ ತೊಟ್ಟು ತೊಟ್ಟು.

ಉಬುಕಾತಾ ಎಂಬ ಮುದುಕರು ಆಗಲೇ ಎದ್ದಿದ್ದರು,
ಬಿದಿರಿನ ಸೌಟು, ತುಕ್ಕು ಹಿಡಿದ ಕೆಟಲು.
"ಬೆಟ್ಟದ ಒರತೆ. ಇದರಲ್ಲೇ ನನ್ನ ಚಹಾ.
ಮೊದಲ ಬಟ್ಟಲು ಅವಳ ಪಟದ ಮುಂದೆ.
ಹನ್ನೆರಡು ವರ್ಷವಾಯಿತು."

ಒರಿಯೆ ಗಾಜಿನ ಕೊಳವೆಗೆ ನಾಲ್ಕು ಹನಿ ಹಿಡಿದು,
ಇನ್ನಷ್ಟು ಹಿಡಿದು, ಚಿಟಿಕೆ ಪುಡಿ ಹಾಕಿ ಕುಲುಕಿದರು.
ಬೆಟ್ಟದ್ದಾದರೆ ಬಣ್ಣ ಬರುವುದಿಲ್ಲ.
ನಮ್ಮದಾದರೆ, ಕ್ಲೋರಿನ್ ತನ್ನ ಗುರುತು ಹೇಳುತ್ತದೆ.

ಟಾರ್ಚಿನ ಬೆಳಕಿನಲ್ಲಿ ಮೂವರೂ ನೋಡಿದೆವು.
ನಾನು, ಯಾಕೋ, ಬಣ್ಣ ಬರದಿರಲಿ ಅಂದುಕೊಂಡೆ.

ಗುಲಾಬಿ.

"ರುಚಿ ಬೇರೆ ಇತ್ತಲ್ಲ," ಅಂದರು ಮುದುಕರು.
ಒರಿಯೆ ಸುಳ್ಳಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ:
"ಕೊಳವೆಯೊಳಗಿರುವಷ್ಟು ಹೊತ್ತು ಈ ನೀರಿಗೆ ನಾನು ಹೊಣೆ.
ಮಣ್ಣಿಗಿಳಿದ ಮೇಲೆ ಏನು ಸೇರಿತೋ, ಹೇಳಲಾರೆ.
ಕುದಿಸಿದಿರಿ. ಅದು ಒಳ್ಳೆಯದಾಯಿತು."
"ಮತ್ತೆ ಇದು ಯಾವ ಬೆಟ್ಟದ್ದು?"
"ಚಿಕುಗೊ ಹೊಳೆಯದು. ಇಲ್ಲಿಂದ ಕಾಣದ ಬೆಟ್ಟಗಳು."
ಅವರು ಬಹಳ ಹೊತ್ತು ಆ ದಿಕ್ಕು ಯಾವುದೆಂದು ಹುಡುಕಿದರು.
"ಇವತ್ತಿನದು ತುಂಬಿಸಿಕೊಳ್ಳಲೇ?"

ಬೆಳಗಾದ ಮೇಲೆ ಅಗೆದರು. ಬೆಸುಗೆಯ ಬಳಿ
ಎಳ್ಳುಕಾಳಿನಷ್ಟು ತೂತು.
ಪಟ್ಟಿ ಬಿಗಿದು, ಟಾರು ಬಳಿದು, ಸಹಿ ಹಾಕಿಸಿ ಹೊರಟೆವು.

ಜನವರಿಯಲ್ಲಿ ಮತ್ತೆ ಅದೇ ಓಣಿ ನಮ್ಮ ಪಾಳಿಗೆ ಬಂತು.
ಹಾವಸೆ ಚಹಾಪುಡಿಯ ಬಣ್ಣಕ್ಕೆ ತಿರುಗಿ
ಉಗುರು ತಾಗಿದರೆ ಉದುರುತ್ತಿತ್ತು.
ಸೌಟು ಮೊಳೆಯಲ್ಲಿ ಹಾಗೇ ಇತ್ತು.
ಕೋಲು ಹಚ್ಚಿದೆ. ಅಡುಗೆಮನೆಯಲ್ಲಿ ನಲ್ಲಿ ತಿರುಗಿತು,
ಕೆಟಲು ತುಂಬುವಷ್ಟು ಓಡಿತು,
ನಿಂತಿತು.

"ಶಬ್ದವಿಲ್ಲ" ಎಂದು ಪುಸ್ತಕದಲ್ಲಿ ಬರೆದೆ.
ಒರಿಯೆ ಕೋಲು ಕಸಿದುಕೊಂಡು
ಬಲಗಿವಿಗೆ ಹಚ್ಚಿ, ಕಣ್ಣು ಮುಚ್ಚಿ,
ಆ ಇಲ್ಲದ್ದನ್ನು
ಕೇಳುತ್ತಾ ನಿಂತರು.