ಐದು ದಬ್ಬಣ

ಫ್ರೆನಿಬಾಯಿ ಫೋನ್ ಮಾಡಿ, "ದಾವಲಭಾಯ್,
ಒಂದು ಚಿಮಣಿ ತುಂಬಬೇಕು" ಅಂದಾಗ
ನಾ ಗುಬ್ಬಿ ಅನ್ಕೊಂಡೆ. ಮರಾಠ್ಯಾಗ ಚಿಮಣಿ ಅಂದ್ರ ಗುಬ್ಬಿ.
ನಮ್ಮ ಸಿಂದಗಿ ಕಡೆ ಎಣ್ಣಿ ಬುಡ್ಡಿ.
ಯಾವುದೋ ಹುಡುಗ್ರ ಆಟದ ಸಾಮಾನ, ಪಾವಕೆಜಿ ಹತ್ತಿ ಸಾಕಂತ
ಒಂದ ಚೀಲ ಹೆಗಲಿಗೆ ಹಾಕ್ಕೊಂಡು ಲೋವರ್ ಪರೇಲಿಗೆ ಹೋದ್ರ

ಗಿರಣಿ ಚಿಮಣಿ! ಇಪ್ಪತ್ತೈದು ಫೂಟು.
ಮಾದರಪಾಟಿಗೆ ಇಟ್ಟಂಗಿ ಬಣ್ಣ ಕುಡಿಸಿ, ಹೊಲದು,
ಹಾವಿನ ಪೊರಿಯಂಗ ಚೆಲ್ಲ್ಯಾಳ
ಮುಚ್ಚಿದ ಗಿರಣಿಯ ಹಳೇ ಖಾತೆದಾಗ.
ಮೂಲ್ಯಾಗ ಫೈಬರಿನ ಇಪ್ಪತ್ತು ಮೂಟಿ.

"ಇದು ಬ್ಯಾಡ ಬಾಯಿ" ಅಂದೆ.
"ಇದರ ಮ್ಯಾಲ ಆನಿ ಕುಂತೆದ್ರೂ
ಮತ್ತ ಮೊದಲಿನಂಗ ಉಬ್ಬತೈತಿ, ನಾಚಿಕಿಲ್ಲದ್ದು.
ಹತ್ತಿ ಹಂಗಲ್ಲ.
ಯಾರು ಎಲ್ಲಿ ಕುಂತಿದ್ರು, ಯಾವ ಮಗ್ಗಲಿಗೆ ಮಲಗಿದ್ರು
ಎಲ್ಲಾ ಇಟಗೋತೈತಿ."
ಆಕಿ ಬರಕೊಂಡ್ಲು. ಫೈಬರು ವಾಪಸ್ ಹೋತು.

ಗೋವಂಡಿಯಿಂದ ಬಿಲ್ಲು ತಂದೆ. ಮಷೀನ ಬಂದಾಗಿಂದ
ಅಟ್ಟದ ಮ್ಯಾಲ ಧೂಳು ತಿನಕೋತ ಕುಂತಿತ್ತು.
ಟಂಯ್ ಟಂಯ್, ನಾಕು ದಿನ.
ಕಲಾ ಕಲಿಯೋ ಹುಡುಗ್ರು ವಿಡಿಯೋ ತಗದ್ರು.
"ಮೆತ್ತಗ ಅಂದ್ರ ಏನು, ಒಂದು ಮಾತಿನಾಗ ಹೇಳ್ರಿ"
ಅಂದ ಒಬ್ಬ, ದುಂಡ ಕನ್ನಡಕದಂವ.
ನಮ್ಮೂರಾಗ ಒಂದು ಮಾತೈತಿ:
ಮೆತ್ತಗ ಕಂಡ್ರ ಮತ್ತೊಂದು ಗುದ್ದು.
ಹಿಂದಿಯೊಳಗ ಅದು ಬರಲಿಲ್ಲ.
ಹೊಡೀಬೇಕು, ಅಂದೆ. ಹೊಡದ್ರ ಒಳಗ ಗಾಳಿ ಹೊಕ್ಕೋತೈತಿ.
ಹತ್ತಿ ಎಲ್ಲೆ ಮೆತ್ತಗೈತಿ? ಮೆತ್ತಗಿರೋದು ಗಾಳಿ.

ಭಾಳ ಸೇರಿತು ಅವರಿಗೆ. ಗ್ವಾಡಿ ಮ್ಯಾಲ ದೊಡ್ಡ ಅಕ್ಷರದಾಗ ಬರದ್ರು,
ಕೆಳಗ ನನ್ನ ಹೆಸರು: ದೌಲತ್.

ಹೇಳದ ಬಿಟ್ಟಿದ್ದು ಒಂದೈತಿ.
ಇಂಥಾದ ಖಾತೆದಾಗ ಲಾಳೇಸಾಬ ಕಾಕಾ
ಇಪ್ಪತ್ತೆರಡು ವರ್ಷ ದುಡದ.
ಐತಾರ ಚೌಪಾಟಿಗೆ ಹೋಗಿ ಉಸರಾಡಿ ಬರಾಂವ,
ಸೋಮಾರ ಬಂತಂದ್ರ ಎದಿ ಬಿಗೀತಿತ್ತು.
ಕೆಇಎಮ್ಮಿನ ಡಾಕ್ಟರು ಅವನ ಎದಿ ಫೋಟೋ
ಬೆಳಕಿಗೆ ಹಿಡದ್ರ, ಈಗಷ್ಟ ಹಿಂಜಿದ ಅರಳಿಯಂಗ
ಏನೋ ಕಾಣತಿತ್ತು. ನನಗ ಆಗ ಒಂಬತ್ತು.
ಚಂದೈತಿ, ಅಂದೆ.
ಅವ್ವ ಬೆನ್ನಿಗೆ ಒಂದು ಕೊಟ್ಲು.

ತಂತಿ ಕಟ್ಟಿ ಚಿಮಣಿ ನಿಲ್ಲಿಸಿದ್ರು. ಮೊದಲನೇ ದಿನ ಹವಾಲ್ದಾರನಂಗ ನಿಂತಿತ್ತು.
ವಾರದಾಗ ಸೊಂಟ ಬಾಗಿತು. ಮಳಿ ಹಿಡೀತು,
ಹಸಿ ಕುಡದು ಕುಡದು
ಕಳಕೊಂಡಿದ್ದು ಹುಡುಕಾಕತ್ತಂಗ ನೆಲಾ ನೋಡಾಕತ್ತಿತು.
"ಬಿಚ್ಚಿ ಒಮ್ಮೆ ಹಿಂಜಿ ಕೊಡ್ಲೇನು?" ಅಂದ್ರ
"ಬ್ಯಾಡ, ಬ್ಯಾಡ! ಇದಕ್ಕ ಕಾಯಾಕತ್ತಿದ್ದೆ" ಅಂತಾಳ ಫ್ರೆನಿಬಾಯಿ.
ಗಾದಿ ಹಿಂಗಾದ್ರ ಗಿರಾಕಿ ಮನಿ ಮುಂದ ಬಂದು ಬೈತಾರ.
ನನ್ನ ಕೈ ಸುಮ್ಮನ ಇರವಲ್ಲವು.

ಮುಟ್ಟಬಹುದು ಅಂತ ಬೋರ್ಡ ಐತಿ. ಮಂದಿ ಬಂದು ಅಪ್ಪಿಕೊಳ್ಳತಾರ,
ಮಕ್ಕಳು ಗುದ್ದತಾವ, ಜೋಡಿ ಒರಗಿ ಫೋಟೋ ಹೊಡಕೋತಾವ.
ನೌವಾರಿ ಸೀರಿ ಮುದುಕಿ ಒಬ್ಬಾಕಿ
ಚಪ್ಪಲಿ ಬಾಗಲದಾಗ ಬಿಟ್ಟು ಬಂದು
ಕೆನ್ನಿ ಇಟ್ಟು ಭಾಳ ಹೊತ್ತು ನಿಂತ್ಲು,
ಭೋಂಗಾ ಆಗತೈತಿ, ಪಾಳಿ ಬದಲಾಗತೈತಿ ಅನ್ನಂಗ.

ನಾ ಮಾತ್ರ ದೂರ ನಿಂತಿದ್ದೆ, ಆಕಿ ಕೆನ್ನಿ ನೋಡಕೋತ.
ಹೊಲಿಯಾಕ ಐದು ದಬ್ಬಣ ಒಯ್ದಿದ್ದೆ.
ಮನಿಗೆ ಹೋಗಿ ಎಣಿಸಿದ್ರ
ನಾಕು.