ಮೂರು ಕೂಗು

ಮೊದಲ ಸಲ ಗಾಜೆಲ್ಲ ಕಂದು,
ಕಾಫಿ ಚೆಲ್ಲಿದ ಮೇಜುಬಟ್ಟೆಯ ಹಾಗೆ.
ಎರಡನೇ ಸಲ ಏನೂ ಇಲ್ಲ, ಬರೀ ನೀಲಿ.
ಡಾಕ್ಟರು ಕಣ್ಣುಜ್ಜಿಕೊಂಡು, "ಇದನ್ನ ಓದೋದು ಹೇಗಮ್ಮಾ" ಅಂದರು.
ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಫಾರ್ಮಲಿನ್ನಿನಲ್ಲಿ ತಿಂಗಳು ಕೂತ ಮೆದುಳು
ಮುಖ ಮುಚ್ಚಿಕೊಳ್ಳುತ್ತದೆ.
ಪ್ರತಿಕಾಯ ಬಂದು ಬಾಗಿಲು ತಟ್ಟಿದರೂ
ಒಳಗಿನವರು ಏಳುವುದಿಲ್ಲ.

ಹಿತಕವರೆ ಹಿಸುಕುತ್ತಿದ್ದ ರಾತ್ರಿ ಹೊಳೆಯಿತು:
ನೆನೆದರೆ ಸಾಲದು, ಸಿಪ್ಪೆ ಜಾರಬೇಕು.
ಅತ್ತೆಯ ಐದು ಲೀಟರಿನ ಹಳೇ ಕುಕ್ಕರನ್ನು
ಬಟ್ಟೆಚೀಲದಲ್ಲಿಟ್ಟು
ಇರ್ವಿನ್ ರಸ್ತೆಯ ಲ್ಯಾಬಿಗೆ ತಂದೆ.
ಸಿಟ್ರೇಟ್ ನೀರು, ಹುಳಿ ಹದವಾಗಿ.
ಮೂರು ಕೂಗು.
ಅಟೆಂಡರ್ ರೇವಣ್ಣ ಇಣುಕಿ,
"ಏನ್ ಮೇಡಂ, ಸಾರಿಗೆ ಬೇಳೆ ಇಟ್ರಾ?"
ನಕ್ಕೆ. ತಾನಾಗಿ ತಣಿಯಲೆಂದು ಬಿಟ್ಟೆ;
ಆತುರಪಟ್ಟರೆ ತೆಳು ಚೂರು ಗಾಜು ಬಿಟ್ಟು ತೇಲಿಹೋಗುತ್ತದೆ.

ಪ್ರತಿಕಾಯವನ್ನು ಇನ್ನೂ ತೆಳುಮಾಡಿದೆ,
ನೂರಕ್ಕೆ ಒಂದಿದ್ದದ್ದು ನಾನೂರಕ್ಕೆ ಒಂದು.
ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ, ಒದ್ದೆ ಹತ್ತಿಯ ಡಬ್ಬಿಯೊಳಗೆ.
ಬೆಳಿಗ್ಗೆ ಬಣ್ಣ ಹನಿಸಿ ಗಡಿಯಾರ ನೋಡುತ್ತ ನಿಂತೆ,
ನಾಲ್ಕು ನಿಮಿಷ.

ನೀಲಿ ಬಯಲು ಶುಭ್ರ.
ಅಲ್ಲಿ ನರದ ಎಳೆ ಹರಿದಲ್ಲೆಲ್ಲ
ಒಂದೊಂದು ಕಂದು ಗಂಟು,
ತೂಬು ಮುಚ್ಚಿದಾಗ ನಾಲೆಯ ನೀರು ಹಿಂದಕ್ಕೆ ಉಬ್ಬುವ ಹಾಗೆ.
ಇಷ್ಟು ಚೆಂದ ಎಂದೂ ಬಂದಿರಲಿಲ್ಲ.
ಡಾಕ್ಟರನ್ನು ಕೂಗಿ ಕರೆದೆ, ಚಿಕ್ಕ ಹುಡುಗಿಯ ಹಾಗೆ.

ನೋಡಿದರು. ತುಂಬ ಹೊತ್ತು ನೋಡಿದರು.
"ಈ ಗಂಟು ಕಟ್ಟೋಕೆ ಜೀವ ಇರಬೇಕು.
ಏಟು ಬಿದ್ದ ಮೇಲೂ ಎರಡು ಗಂಟೆ, ಮೂರು ಗಂಟೆ."

ಮಳವಳ್ಳಿ ಕಡೆಯ ಮಂಟೇಲಿಂಗ.
ಹಾಲಿನ ವ್ಯಾನು, ನಾಲೆಯ ಏರಿ, ನಡುರಾತ್ರಿ.
ಬೆಳಿಗ್ಗೆ ಐದಕ್ಕೆ ಯಾರೋ ಕಂಡದ್ದು.

ಅವನ ಅಕ್ಕ ಕೆಂಪಾಜಮ್ಮ ಹೊರಗೆ ಬೆಂಚಿನ ಮೇಲೆ,
ಇದು ನಾಲ್ಕನೇ ಸಲ,
ಬಸ್ ಟಿಕೆಟನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ.
"ಬಿದ್ದೇಟ್ಗೇ ಹೊಂಟೋದ ಅಂದ್ರು ಎಲ್ರೂವೆ.
ಕೂಗ್ನಿಲ್ವಂತೆ, ನರಳ್ನಿಲ್ವಂತೆ.
ಹಂಗೇ ಅಲ್ವಾ ಬರಿಯೋದು, ಅವ್ವ?"

ನನ್ನ ಕೈಯಲ್ಲಿ ಸ್ಲೈಡು. ಅಂಟು ಇನ್ನೂ ಆರಿರಲಿಲ್ಲ.
ವರದಿ ಡಾಕ್ಟರು ಕೊಡ್ತಾರೆ ಅಂದೆ. ಅದೂ ನಿಜವೇ.

ಒಳಗೆ ಬಂದು ಕುಕ್ಕರು ತೊಳೆದು ಬೋರಲು ಹಾಕಿದೆ.
ಇನ್ನು ಮನೆಗೆ ಒಯ್ಯುವುದಿಲ್ಲ;
ಅತ್ತೆ ಕೇಳಿದರೆ ಹೊಸದು ಕೊಡಿಸಿದರಾಯಿತು.
ಆಮೇಲೆ ರಿಜಿಸ್ಟರಿನಲ್ಲಿ,
ಮುಂದೆ ಬರುವವರಿಗೆ ತಿಳಿಯಲೆಂದು, ಗುಂಡಗೆ ಬರೆದೆ:
ನಾನೂರಕ್ಕೆ ಒಂದು. ನಾಲ್ಕು ನಿಮಿಷ.
ಮೂರು ಕೂಗು.